ಅಡಿಕೆ ಲೆಕ್ಕಕ್ಕೆ ಜೆವಿಎಂ ಮೇಲೊಂದು ಡೈನಾಮಿಕ್ ಭಾಷೆ: ನನ್ನ ಅನುಭವ

ಶಿರಸಿ, ಸಿದ್ದಾಪುರ, ಯಲ್ಲಾಪುರದ ಕಡೆಯ ಕೆಲವು ಸಹಕಾರಿ ಸಂಘಗಳ ಮತ್ತು ದಲಾಲಿ ಅಂಗಡಿಗಳ ಅಡಿಕೆ ಲೆಕ್ಕ ಈಗ ನಾನು ಜೆವಿಎಂ (ಜಾವಾ ಪ್ರೋಗ್ರಾಂಗಳನ್ನು ಓಡಿಸುವ ತಂತ್ರಾಂಶ) ಮೇಲೆ ಕಟ್ಟಿದ ಪುಟ್ಟ ಡೈನಾಮಿಕ್ ಭಾಷೆಯೊಂದರಲ್ಲಿ, ಅಂದರೆ ಮೌಲ್ಯಗಳ ಬಗೆಯನ್ನು ಓಡುವಾಗಲೇ ನಿರ್ಧರಿಸುವ ಪ್ರೋಗ್ರಾಮಿಂಗ್ ಭಾಷೆಯಲ್ಲಿ, ನಡೆಯುತ್ತಿದೆ. ಸ್ವಂತ ಭಾಷೆಯ ಗೋಜಿಗೆ ಹೋಗಬೇಡ ಎಂದು ಬೆಂಗಳೂರಿನ ಗೆಳೆಯರು ಹೇಳಿದ್ದರು. ಇನ್ವೋಕ್‌ಡೈನಾಮಿಕ್ (ಯಾವ ಮೆಥಡನ್ನು ಕರೆಯಬೇಕೆಂದು ಓಡುವಾಗ ನಿರ್ಧರಿಸುವ ಜೆವಿಎಂ ಆದೇಶ) ಎಂಬುದು ರೂಬಿ ಭಾಷೆಯನ್ನು ಜೆವಿಎಂಗೆ ತಂದ ಜೆರೂಬಿಯಂಥ ಪಳಗಿದ ತಂಡಗಳಿಗೆ ಮಾತ್ರ ದಕ್ಕುವಂಥದ್ದು, ಒಬ್ಬನೇ ಕುಳಿತು ಮಾಡಿದರೆ ಅದು ಕೋಡನ್ನು ಓದುತ್ತಲೇ ನಡೆಸುವ ಇಂಟರ್‌ಪ್ರಿಟರಿಗಿಂತ ನಿಧಾನವಾಗುತ್ತದೆ ಎಂದು ಅನುಭವಸ್ಥರೊಬ್ಬರು ಖಡಾಖಂಡಿತವಾಗಿ ಹೇಳಿದ್ದರು. ಎರಡೂ ಮಾತು ಸುಳ್ಳಾಗಿ ಹಂಗಾಮುಗಳೇ ಕಳೆದಿರುವುದರಿಂದ, ಮಾಡಿದ ಕ್ರಮವನ್ನು ಬರೆದಿಡುತ್ತಿದ್ದೇನೆ. ಮುಂದೆ ಬರುವ ಮೂರು ಪದಗಳು: ಕಾಲ್ ಸೈಟ್ ಅಥವಾ ಸೈಟ್ ಎಂದರೆ ಕೋಡಿನಲ್ಲಿ ಕರೆ ನಡೆಯುವ ಜಾಗ, ಮೆಥಡ್ ಹ್ಯಾಂಡಲ್ ಎಂದರೆ ಕರೆಯಬೇಕಾದ ಮೆಥಡನ್ನು ತೋರುವ ಕೊಂಡಿ, ಬೂಟ್‌ಸ್ಟ್ರ್ಯಾಪ್ ಎಂದರೆ ಆ ಜಾಗ ಮೊದಲ ಸಲ ಓಡುವಾಗ ಇವೆರಡನ್ನೂ ಜೋಡಿಸುವ ಮೆಥಡ್.

ಭಾಷೆ ಏಕೆ ಬೇಕಾಯಿತು ಎಂಬುದನ್ನು ಮೊದಲು ಹೇಳಬೇಕು. ಚಾಲಿ, ರಾಶಿ, ಬೆಟ್ಟೆ, ಬಿಳಿಗೋಟು, ಕೆಂಪುಗೋಟು, ಕೋಕಾ ಎಂಬ ತರಗತಿಗಳು ಎಲ್ಲರಿಗೂ ಒಂದೇ ಆದರೂ, ಚೀಲದ ತೂಕ ಕಳೆಯುವುದು, ತೇವಕ್ಕೆ ವಜಾ ಮಾಡುವುದು, ಹಮಾಲಿ, ದಲಾಲಿ, ಮುಂಗಡ ಸಾಲದ ಬಡ್ಡಿ ಇವುಗಳ ನಿಯಮ ಸಂಘದಿಂದ ಸಂಘಕ್ಕೆ ಬೇರೆಯಾಗಿರುತ್ತದೆ ಮತ್ತು ಹಂಗಾಮಿನ ನಡುವೆಯೇ ಬದಲಾಗುತ್ತದೆ. ಟೆಂಡರ್ ಮುಗಿಯುವ ತನಕ ದರದ ಜಾಗದಲ್ಲಿ ಸಂಖ್ಯೆ ಇರುವುದಿಲ್ಲ. ಅಲ್ಲಿ ‘ಬಾಕಿ’ ಎಂಬ ಮೌಲ್ಯ ಇರುತ್ತದೆ, ಅದರ ಮೇಲೂ ಲೆಕ್ಕ ಮುಂದುವರಿಯಬೇಕಾಗುತ್ತದೆ. ಇಂಥ ನಿಯಮಗಳನ್ನು ಗುಮಾಸ್ತರೇ ಕನ್ನಡದಲ್ಲಿ ಬರೆಯುವ ವ್ಯವಸ್ಥೆ ಮೊದಲಿನಿಂದಲೂ ಇತ್ತು, ಆದರೆ ಅದು ಜಾವಾ 8ರ ಜೊತೆ ಬಂದ ನ್ಯಾಶಾರ್ನ್ ಎಂಬ ಜಾವಾಸ್ಕ್ರಿಪ್ಟ್ ಎಂಜಿನ್ ಮೇಲೆ ನಿಂತಿತ್ತು. ನ್ಯಾಶಾರ್ನ್ ಅನ್ನು ಜಾವಾ 11ರಲ್ಲಿ ಕೈಬಿಡುವುದಾಗಿ ಸೂಚಿಸಿ, 2020ರಲ್ಲಿ ಜಾವಾ 15ರಿಂದ ತೆಗೆದೇಬಿಟ್ಟರು.

ನ್ಯಾಶಾರ್ನ್ ಇಂದಿಗೂ ಪ್ರತ್ಯೇಕ ಲೈಬ್ರರಿಯಾಗಿ ಸಿಗುತ್ತದೆ, ಅದನ್ನೇ ಜೋಡಿಸಬಹುದಿತ್ತಲ್ಲ ಎಂದು ಬಲ್ಲವರು ಕೇಳುತ್ತಾರೆ. ಜೋಡಿಸಿ ನೋಡಿದೆ, ಓಡಿತು. ಆದರೆ ಜಾವಾಸ್ಕ್ರಿಪ್ಟಿನ ಸಾಮಾನ್ಯ ಸಂಖ್ಯೆ ಬೈನರಿ ಡಬಲ್ (ದಶಮಾಂಶಗಳನ್ನು ಅಂದಾಜಾಗಿ ಇಡುವ ರೂಪ) ಆದ್ದರಿಂದ ಪೈಸೆಯ ವ್ಯತ್ಯಾಸ ವರ್ಷದ ಕೊನೆಗೆ ಲೆಕ್ಕಪರಿಶೋಧನೆಯಲ್ಲಿ ತಲೆ ಎತ್ತುತ್ತಲೇ ಇತ್ತು. ಜೆವಿಎಂ ಮೇಲಿನ ಇನ್ನೊಂದು ಭಾಷೆಯಾದ ಗ್ರೂವಿಯಲ್ಲಿ ದಶಮಾಂಶ ಸಂಖ್ಯೆ ಬರೆದರೆ ಅದು ಬಿಗ್‌ಡೆಸಿಮಲ್ (ನಿಖರ ದಶಮಾಂಶ) ಆಗುವುದರಿಂದ ಹಣದ ವಿಷಯದಲ್ಲಿ ನೆಮ್ಮದಿ ಇತ್ತು, ಆದರೆ ನಿಯಮ ಬರೆಯುವವರ ಕೈಗೆ ಇಡೀ ಜಾವಾ ಲೈಬ್ರರಿಯೇ ಸಿಕ್ಕಿಬಿಡುತ್ತದೆ, ಅದಕ್ಕೆ ಬೇಲಿ ಹಾಕುವುದು ಸುಲಭವಲ್ಲ. ಪೈಥಾನ್ ಭಾಷೆಯ ಜೆವಿಎಂ ರೂಪವಾದ ಜೈಥಾನ್ ಪೈಥಾನ್ 2.7ರಲ್ಲೇ ನಿಂತಿದೆ. ಭಾಷೆ ಕಟ್ಟಲೆಂದೇ ಇರುವ ಟ್ರಫಲ್ ಚೌಕಟ್ಟಿನ ಮೇಲೆ ಬರೆದ ಮಾದರಿ ನನ್ನ ಹೊಸ ಲ್ಯಾಪ್‌ಟಾಪಿನಲ್ಲಿ ಬಹಳ ಚೆನ್ನಾಗಿ ಓಡಿತು. ಆದರೆ ಅದನ್ನು ಯಂತ್ರದ ಕೋಡಾಗಿಸುವ ಗ್ರಾಲ್ ಕಂಪೈಲರ್ ಜೊತೆಗಿಲ್ಲದ ಸಾಮಾನ್ಯ ಜೆಡಿಕೆಯಲ್ಲಿ (ಜಾವಾದ ಉಪಕರಣಗಳ ಕಟ್ಟಿನಲ್ಲಿ) ಅದು ಬರಿಯ ಇಂಟರ್‌ಪ್ರಿಟರ್ ಆಗಿ ಉಳಿಯುತ್ತದೆ, ಗ್ರಾಲ್ ಸೇರಿಸಿದರೆ ಸಂಘಗಳ ನಾಲ್ಕು ಜಿಬಿ ಯಂತ್ರಗಳಿಗೆ ಭಾರವಾಗುತ್ತದೆ. ಯಂತ್ರ ಬದಲಿಸಿ ಎಂದು ಹೇಳುವ ಸ್ಥಿತಿ ಇರಲಿಲ್ಲ. ಹೊರಗಿನ ಒಂದು ಕಂಪನಿ ಎಲ್ಲವನ್ನೂ ಕ್ಲೌಡಿಗೆ ಏರಿಸಿ ಹೊಸದಾಗಿ ಬರೆದುಕೊಡಲು ಏಳೆಂಟು ಲಕ್ಷ ಕೇಳಿತ್ತು, ಮೇಲೆ ತಿಂಗಳ ಬಾಡಿಗೆ ಬೇರೆ. ನಾನು ಒಪ್ಪಿಕೊಂಡದ್ದು ಸುಮಾರು ಒಂದೂವರೆ ಲಕ್ಷಕ್ಕೆ, ಹಳೆಯ ನಿಯಮಗಳ ಪರಿವರ್ತನೆಯೂ ಸೇರಿ.

ಮೊದಲು ಬರೆದದ್ದು ನಿಯಮದ ರಚನೆಯನ್ನು ಮರವಾಗಿಸಿ, ಆ ಮರ ಹತ್ತಿ ಇಳಿಯುವ ಸಾದಾ ಇಂಟರ್‌ಪ್ರಿಟರ್. ದಿನನಿತ್ಯದ ಬಿಲ್ಲಿಗೆ ಅದು ಧಾರಾಳ ಸಾಕು. ಸೋತದ್ದು ವರ್ಷಾಂತ್ಯದ ಬಡ್ಡಿ ಲೆಕ್ಕದಲ್ಲಿ. ಸುಮಾರು ಐದಾರು ಸಾವಿರ ಸದಸ್ಯರ ಖಾತೆಯನ್ನು ದಿನವಹಿ ಬಾಕಿಯ ಮೇಲೆ ಇಡೀ ವರ್ಷಕ್ಕೆ ಎಣಿಸುವಾಗ ಮೂರು ನಿಮಿಷದ ಮೇಲಾಗುತ್ತಿತ್ತು, ಮತ್ತು ಬಡ್ಡಿ ದರ ತಿದ್ದಿದಾಗಲೆಲ್ಲ ಮತ್ತೆ ಅಷ್ಟೇ ಹೊತ್ತು ಕಾಯಬೇಕಿತ್ತು. ಆಗ ಎಎಸ್ಎಂ ಎಂಬ ಲೈಬ್ರರಿ ಬಳಸಿ ಬೈಟ್‌ಕೋಡ್ (ಜೆವಿಎಂಗೆ ಅರ್ಥವಾಗುವ ಆದೇಶಗಳು) ಹುಟ್ಟಿಸುವುದಕ್ಕೆ ತೊಡಗಿದೆ.

ನನ್ನ ಕ್ರಮದ ತಿರುಳು ಇಷ್ಟು: ಭಾಷೆಯ ಅರ್ಥವೆಲ್ಲ ಕಾಲ್ ಸೈಟಿನಲ್ಲಿ ಮಾತ್ರ ಇರಬೇಕು, ಹುಟ್ಟಿಸಿದ ಬೈಟ್‌ಕೋಡಿನಲ್ಲಿ ಎಲ್ಲಿಯೂ ಇರಬಾರದು. ಕೂಡುವುದು, ಹೋಲಿಸುವುದು, ಹೆಸರು ಹುಡುಕುವುದು, ಬೇರೆ ನಿಯಮವನ್ನು ಕರೆಯುವುದು ಎಲ್ಲವೂ ಇನ್ವೋಕ್‌ಡೈನಾಮಿಕ್. ಉಳಿದದ್ದು ಬರಿಯ ಜಂಪ್ ಮತ್ತು ಲೋಕಲ್ ವೇರಿಯಬಲ್. 2011ರಲ್ಲಿ ಜಾವಾ 7ರ ಜೊತೆ ಇನ್ವೋಕ್‌ಡೈನಾಮಿಕ್ ಅನ್ನು ತಂದ ಜೆಎಸ್ಆರ್ 292 ಎಂಬ ನಿರ್ದಿಷ್ಟತೆ ಬಂದದ್ದೇ ಈ ಕೆಲಸಕ್ಕೆ, ಮತ್ತು ಇದರ ಹಿಂದಿನ ಉಪಾಯ ಇನ್ನೂ ಹಳೆಯದು: ಸ್ಮಾಲ್‌ಟಾಕ್‌ಗೆ ಡಾಯ್ಚ್ ಮತ್ತು ಶಿಫ್‌ಮನ್ 1984ರಲ್ಲಿ ವಿವರಿಸಿದ ಇನ್‌ಲೈನ್ ಕ್ಯಾಶ್ (ಹಿಂದಿನ ಹುಡುಕಾಟದ ಫಲಿತಾಂಶವನ್ನು ಕರೆಯ ಜಾಗದಲ್ಲೇ ನೆನಪಿಡುವುದು), ಸೆಲ್ಫ್ ಭಾಷೆಗೆ 1991ರಲ್ಲಿ ಬಂದ, ಹಲವು ಬಗೆಗಳನ್ನು ನೆನಪಿಡುವ ಬಹುರೂಪಿ ಇನ್‌ಲೈನ್ ಕ್ಯಾಶ್. ಹೀಗೆ ಮಾಡಿದ್ದರ ದೊಡ್ಡ ಲಾಭ ಭದ್ರತೆಯದು. ಸೈಟನ್ನು ಮೆಥಡಿಗೆ ಕಟ್ಟುವ ನನ್ನ ಲಿಂಕರ್ ಒಪ್ಪದ ಯಾವುದೂ ಕಟ್ಟಿಕೊಳ್ಳುವುದೇ ಇಲ್ಲವಾದ್ದರಿಂದ, ಗುಮಾಸ್ತರು ಬರೆದ ನಿಯಮ ಕಡತವನ್ನಾಗಲಿ ನೆಟ್‌ವರ್ಕನ್ನಾಗಲಿ ಮುಟ್ಟಲು ದಾರಿಯೇ ಇಲ್ಲ. ಗ್ರೂವಿಯಲ್ಲಿ ಹೆಣಗಿದ ಬೇಲಿ ಇಲ್ಲಿ ತಾನಾಗಿಯೇ ನಿಂತಿತು.

ಮೊದಲ ಆವೃತ್ತಿ ಮಾತ್ರ ಇಂಟರ್‌ಪ್ರಿಟರಿಗಿಂತ ನಿಧಾನವಾಗಿತ್ತು, ಸಂದೇಹಪಟ್ಟವರು ಹೇಳಿದಂತೆಯೇ. ಮೌಲ್ಯದ ಬಗೆ ಪರೀಕ್ಷಿಸಿ ದಾರಿ ಆರಿಸುವ ಗಾರ್ಡ್‌ವಿತ್‌ಟೆಸ್ಟ್ ಸರಪಳಿಗೆ ಮಿತಿ ಇಲ್ಲದಿದ್ದುದರಿಂದ, ಪೂರ್ಣಾಂಕ, ದಶಮಾಂಶ, ತೂಕ, ‘ಬಾಕಿ’, ಪಠ್ಯ ಎಲ್ಲವೂ ಹಾದುಹೋಗುವ ಸೈಟುಗಳಲ್ಲಿ ಸರಪಳಿ ಬೆಳೆಯುತ್ತಲೇ ಹೋಯಿತು. ಪ್ರತಿ ಸಲ ಮ್ಯೂಟಬಲ್ ಕಾಲ್ ಸೈಟಿನ ಗುರಿ ಬದಲಾದಾಗಲೂ ಅದನ್ನು ಒಳಗೊಂಡ ಕಂಪೈಲ್ ಆದ ಕೋಡನ್ನು ಜೆವಿಎಂ ಎಸೆದು ಮತ್ತೆ ಕಟ್ಟುತ್ತದೆ. ಈ ಎಸೆದು ಕಟ್ಟುವ ಕೆಲಸವೇ ಲೆಕ್ಕಕ್ಕಿಂತ ಹೆಚ್ಚಾಗಿತ್ತು. ಸರಪಳಿಯ ಆಳಕ್ಕೆ ಸಣ್ಣ ಮಿತಿ ಹಾಕಿ, ಅದು ಮೀರಿದ ಸೈಟನ್ನು ಶಾಶ್ವತವಾಗಿ ಕೋಷ್ಟಕದ ಹುಡುಕಾಟಕ್ಕೆ ಇಳಿಸಿದ ಮೇಲೆ ಹಿಡಿತಕ್ಕೆ ಬಂತು. ಮಿತಿ ಎಷ್ಟಿರಬೇಕು, ಗಾರ್ಡುಗಳನ್ನು ಯಾವ ಕ್ರಮದಲ್ಲಿ ಜೋಡಿಸಬೇಕು ಎಂಬುದು ನನ್ನ ವೃತ್ತಿಯ ಗುಟ್ಟಾದ್ದರಿಂದ ಇಲ್ಲಿ ಬರೆಯುವುದಿಲ್ಲ. ಆದರೆ ಎಲ್ಲ ಸೈಟಿಗೂ ಒಂದೇ ಮಿತಿ ಇಡುವುದು ಸರಿಯಲ್ಲ ಎಂಬಷ್ಟನ್ನು ಹೇಳಬಲ್ಲೆ.

ಅನಂತರ ಎದುರಾದದ್ದು ಸಿದ್ದಾಪುರದ ಕಡೆಯ ಒಂದು ಸಂಘದ ನಿಯಮ. ಉಳಿದವರ ಲೆಕ್ಕ ಚುರುಕಾಗಿ ಮುಗಿಯುವಾಗ ಅವರದು ಮಾತ್ರ ಎಷ್ಟು ಹೊತ್ತು ಓಡಿದರೂ ಬಿಸಿಯೇರುತ್ತಿರಲಿಲ್ಲ, ಅಂದರೆ ವೇಗ ಹಿಡಿಯುತ್ತಿರಲಿಲ್ಲ. ಕಂಪೈಲೇಶನ್ ದಾಖಲೆ ತೆಗೆದು ನೋಡಿದರೆ ಆ ಮೆಥಡ್ ಅಲ್ಲಿ ಕಾಣಿಸಲೇ ಇಲ್ಲ. ‘ಆದರೆ’ ಎಂಬ ಷರತ್ತುಗಳ ಉದ್ದ ಸಾಲಿನಿಂದಾಗಿ ಅದರ ಬೈಟ್‌ಕೋಡ್ 8000 ಬೈಟ್ ದಾಟಿತ್ತು, ಅದಕ್ಕಿಂತ ದೊಡ್ಡ ಮೆಥಡನ್ನು ಹಾಟ್‌ಸ್ಪಾಟ್ (ನಾವು ಬಳಸುವ ಜೆವಿಎಂ) ಸಾಮಾನ್ಯವಾಗಿ ಕಂಪೈಲ್ ಮಾಡುವುದಿಲ್ಲ. ಒಂದು ಮೆಥಡಿಗೆ 65535 ಬೈಟಿನ ಮಿತಿ ಇರುವುದು ಎಲ್ಲರಿಗೂ ಗೊತ್ತಿರುತ್ತದೆ, ಏಕೆಂದರೆ ಅದನ್ನು ಮೀರಿದರೆ ದೋಷ ಬರುತ್ತದೆ. 8000ದ ಮಿತಿ ಸದ್ದಿಲ್ಲದೆ ಕೊಲ್ಲುತ್ತದೆ. ಡೋಂಟ್‌ಕಂಪೈಲ್‌ಹ್ಯೂಜ್‌ಮೆಥಡ್ಸ್ ಆಯ್ಕೆಯನ್ನು ಆಫ್ ಮಾಡಬಹುದು, ಆದರೆ ಆಗ ಕಂಪೈಲರ್ ತಾನೇ ಬಹಳ ಹೊತ್ತು ತಿನ್ನುತ್ತದೆ. ನಾನು ಪ್ರತಿ ಕವಲನ್ನೂ ಪ್ರತ್ಯೇಕ ಸಣ್ಣ ಮೆಥಡಾಗಿ ಒಡೆದೆ. ಆ ಒಂದು ಬದಲಾವಣೆಯಿಂದಲೇ ಅವರ ಲೆಕ್ಕದ ಹೊತ್ತು ನಾಲ್ಕನೇ ಒಂದಕ್ಕಿಂತ ಕೆಳಗಿಳಿಯಿತು.

ಹಣದ ಮೌಲ್ಯವನ್ನು ಬಿಗ್‌ಡೆಸಿಮಲ್‌ನಲ್ಲೇ ಇಡುವುದು ನಿಖರ, ಆದರೆ ದುಬಾರಿ. ಪೈಸೆಯ ನೂರನೇ ಒಂದು ಭಾಗವನ್ನು ಏಕಮಾನವಾಗಿಟ್ಟು ಲಾಂಗ್ ಪೂರ್ಣಾಂಕದಲ್ಲಿ ಲೆಕ್ಕ ಮಾಡಿ, ಗುಣಾಕಾರ ಮಿತಿ ಮೀರುವಾಗ ಮಾತ್ರ ಬಿಗ್‌ಡೆಸಿಮಲ್‌ಗೆ ಏರಿಸುವ ಕ್ರಮವನ್ನು ಅಳವಡಿಸಿದೆ. ಜಾವಾದ ಮಲ್ಟಿಪ್ಲೈಎಕ್ಸಾಕ್ಟ್ ಮೆಥಡ್ ಮಿತಿ ಮೀರಿದಾಗ ಎಸೆಯುವ ಎಕ್ಸೆಪ್ಶನ್ (ದೋಷ ಸೂಚನೆ) ಹಿಡಿದು ಏರಿಸುವುದಕ್ಕಿಂತ ಮೊದಲೇ ಪರೀಕ್ಷಿಸಿ ಕವಲೊಡೆಯುವುದು ನನ್ನ ಯಂತ್ರಗಳಲ್ಲಿ ಅಗ್ಗವಾಯಿತು. ‘ಬಾಕಿ’ ಎಂಬ ಮೌಲ್ಯವನ್ನು ಬಾಕ್ಸ್ ಮಾಡದೆ (ಪ್ರತ್ಯೇಕ ವಸ್ತುವಾಗಿ ಸುತ್ತದೆ) ಅದೇ ಲಾಂಗ್ ದಾರಿಯಲ್ಲಿ ಕಳಿಸುವ ಒಂದು ಉಪಾಯವೂ ಇದೆ. ಅದನ್ನು ನನ್ನಲ್ಲೇ ಇಟ್ಟುಕೊಳ್ಳುತ್ತೇನೆ. ಇವೆಲ್ಲ ಸೇರಿ ಮೂರು ನಿಮಿಷದ ವರ್ಷಾಂತ್ಯದ ಲೆಕ್ಕ ಹದಿನೈದು ಸೆಕೆಂಡಿನ ಆಸುಪಾಸಿಗೆ ಬಂತು, ಅದೇ ನಾಲ್ಕು ಜಿಬಿ ಯಂತ್ರದಲ್ಲಿ. ಈ ಅಂಕಿಯನ್ನು ನಾನು ಯಾರ ಮುಂದೆಯೂ ಹೆಮ್ಮೆಯಿಂದ ಇಡುತ್ತೇನೆ.

ವೇಗ ಬಂದ ಮೇಲೂ ನೆಮ್ಮದಿ ಸಿಗಲಿಲ್ಲ. ಮಲೆನಾಡಿನ ಮಳೆಗಾಲದಲ್ಲಿ ಕರೆಂಟ್ ಹೋಗಿ ಬಂದು ಮಾಡುವುದರಿಂದ ಪ್ರೋಗ್ರಾಂ ದಿನಕ್ಕೆ ಹಲವು ಸಲ ಹೊಸದಾಗಿ ಏಳಬೇಕಾಗುತ್ತದೆ, ಮತ್ತು ಇನ್ವೋಕ್‌ಡೈನಾಮಿಕ್ ಅತ್ಯಂತ ನಿಧಾನವಾಗಿರುವುದು ಎದ್ದ ಮೊದಲ ಕ್ಷಣಗಳಲ್ಲಿ. ಮೆಥಡ್ ಹ್ಯಾಂಡಲಿನ ಹೊಸ ಆಕಾರ ಬಂದಾಗಲೆಲ್ಲ ಜೆವಿಎಂ ಒಳಗೊಳಗೇ ಸಣ್ಣ ವರ್ಗಗಳನ್ನು (ಕ್ಲಾಸ್) ಹುಟ್ಟಿಸುತ್ತದೆ, ಹಾಗಾಗಿ ಸೈಟುಗಳ ಸಹಿಗಳನ್ನು (ಆರ್ಗ್ಯುಮೆಂಟುಗಳ ಮತ್ತು ಫಲಿತಾಂಶದ ಬಗೆಗಳ ವಿವರ) ಬೆರಳೆಣಿಕೆಯಷ್ಟಕ್ಕೆ ಇಳಿಸಿದೆ. ಮೊದಲ ಕೆಲವು ಕರೆಗಳನ್ನು ಕಟ್ಟದೆ ಸಾದಾ ನಿಧಾನ ದಾರಿಯಲ್ಲೇ ಬಿಟ್ಟು, ಮತ್ತೆ ಮತ್ತೆ ಬರುವ ಸೈಟನ್ನು ಮಾತ್ರ ಲಿಂಕ್ ಮಾಡಿದೆ. ಬಿಲ್ಲು ಬರೆಯುವ ಬಹುಪಾಲು ನಿಯಮಗಳಿಗೆ ಲಿಂಕಿನ ಖರ್ಚೇ ಬೇಕಿರಲಿಲ್ಲ. ಮೈಕ್ರೋಸಾಫ್ಟಿನ ಡಾಟ್‌ನೆಟ್‌ನಲ್ಲಿ ಡೈನಾಮಿಕ್ ಭಾಷೆಗಳಿಗಾಗಿ ಇರುವ ಡಿಎಲ್ಆರ್‌ನಲ್ಲಿ ಒಂದು ಸೈಟಿನಲ್ಲಿ ಕಟ್ಟಿದ ನಿಯಮ ಅದೇ ಬೈಂಡರಿನ (ಅಲ್ಲಿನ ಲಿಂಕರಿನ) ಬೇರೆ ಸೈಟುಗಳಿಗೂ ಸಿಗುವ ಏರ್ಪಾಡು ಇದೆ, ಅದನ್ನು ನೋಡಿ ನನ್ನ ಲಿಂಕರಿನಲ್ಲೂ ಹಂಚಿದ ಕ್ಯಾಶ್ ಒಂದನ್ನು ಇಟ್ಟೆ. ಕೊನೆಗೆ ಜಾವಾ 13ರಿಂದ ಬಂದಿರುವ, ಪ್ರೋಗ್ರಾಂ ಮುಗಿಯುವಾಗ ವರ್ಗಗಳ ದಾಸ್ತಾನು ಬರೆದಿಡುವ ಸಿಡಿಎಸ್ ಸೌಲಭ್ಯವನ್ನು ಬಳಸಿ ಜೆಡಿಕೆಯ ಮತ್ತು ಲಿಂಕರಿನ ವರ್ಗಗಳನ್ನು ಮೊದಲೇ ಸಿದ್ಧವಾಗಿಟ್ಟೆ. ಏಳೆಂಟು ಸೆಕೆಂಡು ಹಿಡಿಯುತ್ತಿದ್ದ ಆರಂಭ ಮೂರರ ಒಳಗೆ ಬಂತು.

ನಿಯಮ ತಿದ್ದಿದಾಗ ಹಳೆಯ ಕೊಂಡಿಗಳನ್ನು ಕಡಿಯಲು ಸ್ವಿಚ್‌ಪಾಯಿಂಟ್ ಸರಿಯಾದ ಉಪಕರಣ, ಆದರೆ ಒಂದೊಂದನ್ನೇ ಅಮಾನ್ಯ ಮಾಡುತ್ತ ಹೋದರೆ ಟೆಂಡರ್ ಹೊತ್ತಿನಲ್ಲಿ ಪರದೆ ನಿಂತೇಬಿಡುತ್ತದೆ. ಉಳಿಸು ಎಂದು ಒತ್ತಿದಾಗ ಬದಲಾದದ್ದೆಲ್ಲವನ್ನೂ ಒಟ್ಟುಗೂಡಿಸಿ ಒಂದೇ ಸಲ ಅಮಾನ್ಯ ಮಾಡಬೇಕು. ತಿದ್ದಿದ ನಿಯಮಗಳ ಹಳೆಯ ವರ್ಗಗಳು ಮೆಟಾಸ್ಪೇಸಿನಲ್ಲಿ (ಜೆವಿಎಂ ವರ್ಗಗಳ ವಿವರ ಇಡುವ ಮೆಮೊರಿಯಲ್ಲಿ) ಉಳಿದು ವಾರಗಟ್ಟಲೆ ಓಡಿದ ಯಂತ್ರಗಳನ್ನು ಮಣಿಸುತ್ತಿದ್ದವು; ಬಳಕೆ ಮುಗಿದಾಗ ಪ್ರತ್ಯೇಕವಾಗಿ ತೆರವಾಗಬಲ್ಲ, ಜಾವಾ 15ರ ಹಿಡನ್ ಕ್ಲಾಸ್‌ಗೆ ಬದಲಾದ ಮೇಲೆ ಅದು ನಿಂತಿತು, ಆದರೆ ಇನ್ನೊಂದು ತೊಡಕು ತಂದಿತು. ಹಿಡನ್ ಕ್ಲಾಸಿನ ಕರೆಗಳು ಸ್ಟ್ಯಾಕ್ ಟ್ರೇಸಿನಲ್ಲಿ (ದೋಷ ಬಂದಾಗ ಕರೆಗಳ ಜಾಡು ತೋರುವ ಪಟ್ಟಿಯಲ್ಲಿ) ಸಾಮಾನ್ಯವಾಗಿ ಕಾಣಿಸುವುದಿಲ್ಲ, ಗುಮಾಸ್ತರಿಗೆ ಬೇಕಾದದ್ದೋ ಎಷ್ಟನೇ ಸಾಲಿನಲ್ಲಿ ತಪ್ಪಿದೆ ಎಂಬುದು. ಬೂಟ್‌ಸ್ಟ್ರ್ಯಾಪಿಗೆ ಸ್ಥಿರ ಆರ್ಗ್ಯುಮೆಂಟಾಗಿ ಸಾಲಿನ ಸಂಖ್ಯೆಯನ್ನು ಕೊಟ್ಟುಬಿಟ್ಟರೆ ಪ್ರತಿ ಸೈಟಿಗೂ ತಾನಿರುವ ಸಾಲು ಗೊತ್ತಿರುತ್ತದೆ ಮತ್ತು ದೋಷ ಸಂದೇಶಕ್ಕೆ ಸ್ಟ್ಯಾಕ್ ಟ್ರೇಸೇ ಬೇಡವಾಗುತ್ತದೆ. ಇದನ್ನು ಯಾರು ಬೇಕಾದರೂ ಧಾರಾಳವಾಗಿ ಬಳಸಿಕೊಳ್ಳಲಿ.

ಕನ್ನಡದ ಹೆಸರುಗಳ ವಿಷಯದಲ್ಲಿ ಜೆವಿಎಂ ಉದಾರಿ. ಚುಕ್ಕೆ, ಅರ್ಧವಿರಾಮ, ಚೌಕ ಕಂಸದಂಥ ಕೆಲವು ಗುರುತುಗಳನ್ನು ಬಿಟ್ಟರೆ ಯಾವ ಹೆಸರನ್ನಾದರೂ ಒಪ್ಪುತ್ತದೆ. ತೊಂದರೆ ಇರುವುದು ಯೂನಿಕೋಡಿನಲ್ಲಿ. ಕೋಕಾ, ಬಿಳಿಗೋಟು ಇಂಥ ಹೆಸರಿನ ಓತ್ವ ದೀರ್ಘವನ್ನು ಒಂದೇ ಸಂಕೇತವಾಗಿಯೂ ಬಿಡಿ ಬಿಡಿ ಸಂಕೇತಗಳ ಸರಣಿಯಾಗಿಯೂ ಬರೆಯಬಹುದು, ಪರದೆಯ ಮೇಲೆ ಎರಡೂ ಒಂದೇ. ಹಳೆಯ ಕಡತದಿಂದ ಪರಿವರ್ತಿಸಿದ ಹೆಸರಿಗೂ ಹೊಸದಾಗಿ ಟೈಪ್ ಮಾಡಿದ ಹೆಸರಿಗೂ ಹೊಂದಾಣಿಕೆಯಾಗದೆ ಕೋಕಾದ ದರ ‘ಬಾಕಿ’ ಎಂದೇ ತೋರುತ್ತಿತ್ತು. ಹೆಸರು ಓದಿದ ಕೂಡಲೇ ಬಿಡಿ ಸಂಕೇತಗಳನ್ನು ಒಂದಾಗಿಸುವ ಯೂನಿಕೋಡಿನ ಎನ್ಎಫ್‌ಸಿ ರೂಪಕ್ಕೆ ತಂದು, ಕಣ್ಣಿಗೆ ಕಾಣದ ಜೋಡಕ ಸಂಕೇತಗಳನ್ನು ಹೋಲಿಕೆಯ ಮೊದಲು ತೆಗೆಯುವುದು ಕಡ್ಡಾಯ.

ಇದೇ ಭಾಷೆಯನ್ನು ಘಟ್ಟದ ಕೆಳಗೂ ಒಮ್ಮೆ ಪ್ರಯೋಗಿಸಿದೆ. ಕಾರವಾರದ ಬೈತಖೋಲ್ ಬಂದರಿನಲ್ಲಿ ಬಂಗುಡೆ, ತಾರ್ಲೆ ಹರಾಜಿನ ಲೆಕ್ಕಕ್ಕೆ ಪರಿಚಯದವರೊಬ್ಬರು ಕೇಳಿದಾಗ, ಐದಾರು ಸಾವಿರ ರೂಪಾಯಿಯ, ಎಆರ್ಎಂ ಚಿಪ್ ಇರುವ ಪುಟ್ಟ ಕಂಪ್ಯೂಟರ್ ಬೋರ್ಡಿನಲ್ಲಿ ಒಂದು ಸಾಲನ್ನೂ ಬದಲಿಸದೆ ಓಡಿಸಿದೆ. ಹಂಚಿಕೊಂಡ ರನ್‌ಟೈಮ್ ವೇದಿಕೆಯ ಬೆಲೆ ಅಲ್ಲಿ ಚೆನ್ನಾಗಿ ತಿಳಿಯಿತು. ಬುಟ್ಟಿ, ಕಿಲೋ, ಬಿಡಿ ಮೀನು ಎಂದು ಅಳತೆಗಳು ಒಂದೇ ಸೈಟಿನಲ್ಲಿ ಬೆರೆಯುವುದರಿಂದ ಅಲ್ಲಿನ ಬಹಳಷ್ಟು ಸೈಟುಗಳು ಕೋಷ್ಟಕಕ್ಕೇ ಇಳಿದವು, ಆದರೂ ಹರಾಜಿನ ವೇಗಕ್ಕೆ ಅದು ಸಾಕಾಯಿತು. ಉಪ್ಪುಗಾಳಿಗೆ ಬೋರ್ಡಿನ ಕನೆಕ್ಟರುಗಳು ಬೇಗ ತುಕ್ಕು ಹಿಡಿದದ್ದರಿಂದ ಪ್ರಯೋಗವನ್ನು ಅಲ್ಲಿಗೇ ಬಿಟ್ಟೆವು.

ಈಗ ಕೈಯಲ್ಲಿರುವುದು ಎಎಸ್ಎಂ ಅನ್ನು ತೆಗೆದು ಜಾವಾ 24ರಲ್ಲಿ ಖಾಯಂ ಆದ, ಬೈಟ್‌ಕೋಡ್ ಹುಟ್ಟಿಸಲು ಜಾವಾದಲ್ಲೇ ಇರುವ ಕ್ಲಾಸ್‌ಫೈಲ್ ಎಪಿಐಗೆ ಬದಲಾಗುವ ಕೆಲಸ. ಹೊಸ ಜಾವಾ ಬಂದಾಗಲೆಲ್ಲ ಎಎಸ್ಎಂ ಆವೃತ್ತಿಗಾಗಿ ಕಾಯುವುದು ಇದರಿಂದ ತಪ್ಪುತ್ತದೆ. ಹೋಲಿಕೆ ಮತ್ತು ಅಂಕಗಣಿತದ ಭಾಗ ಮುಗಿದಿದೆ. ಒಡೆದ ಕವಲುಗಳ ಭಾಗ ಇನ್ನೂ ಬಾಕಿ ಇದೆ. ಅದು ಮುಗಿದ ಮೇಲೆ ವರ್ಷಕ್ಕೆ ಹದಿನೈದು ಸಾವಿರದ ಆಸುಪಾಸಿನ ನಿರ್ವಹಣಾ ಶುಲ್ಕದಲ್ಲೇ ಎಲ್ಲ ಸಂಘಗಳಿಗೂ ಹೊಸ ಆವೃತ್ತಿಯನ್ನು ಕೊಡುತ್ತೇನೆ.