ತೀರ್ಪು ಸರಿಯಿಲ್ಲ ಅನ್ನಿಸಿದರೆ ಬೈಯೋದು ಹೇಗೆ?

ಗಂಗಾವತಿಯಲ್ಲಿ ಒಗ್ಗರಣಿ, ಮಿರ್ಚಿ ತಿನ್ನುತ್ತಾ ಕೂತವರ ಮಾತು ಕೇಳಿ. ನಮ್ಮ ಲೀಡರಿಗೆ ಬೇಲ್ ಸಿಕ್ಕರೆ ಸತ್ಯಕ್ಕೆ ಜಯ, ಎದುರು ಪಾರ್ಟಿಯವನಿಗೆ ಸಿಕ್ಕರೆ ಜಡ್ಜ್ ದುಡ್ಡು ತಿಂದಾರ. ನಾನೂ ಒಮ್ಮೆ ಗ್ರೂಪಿಗೆ ಹೀಗೇ ಉದ್ದದ ಮೆಸೇಜ್ ಹಾಕಿದ್ದೆ. ಆಮೇಲೆ ನೋಡಿದರೆ ಅದು ತೀರ್ಪೇ ಅಲ್ಲ, ಬರೀ ಸ್ಟೇ. ಮುಂದಿನ ತಾರೀಖಿನ ತನಕ ಇದ್ದದ್ದು ಇದ್ದಂಗೆ ಇರಲಿ ಅಂತ ನಾಲ್ಕು ಸಾಲು, ಅಷ್ಟೇ.

ಅದಕ್ಕೇ ಮೊದಲು ಆದೇಶ ಓದಿ. ಇ-ಕೋರ್ಟ್ಸ್ ವೆಬ್‌ಸೈಟಿನಲ್ಲಿ 16 ಅಕ್ಷರ-ಅಂಕಿಗಳ ಸಿಎನ್‌ಆರ್ ನಂಬರ್ (ಪ್ರತಿ ಕೇಸಿಗೂ ಕೊಡುವ ಗುರುತಿನ ಸಂಖ್ಯೆ) ಹಾಕಿದರೆ ಕೇಸಿನ ವಿವರ ಬರುತ್ತದೆ. ಹೈಕೋರ್ಟ್ ಕೇಸಾದರೆ ಬಳ್ಳಾರಿ, ಕೊಪ್ಪಳದ್ದು ಸಾಮಾನ್ಯವಾಗಿ ಧಾರವಾಡ ಪೀಠದಲ್ಲಿರುತ್ತದೆ, ರಾಯಚೂರಿನದು ಕಲಬುರಗಿಯಲ್ಲಿ. ಇಂಗ್ಲಿಷಿನಲ್ಲಿರುತ್ತದೆ, ಉದ್ದ ಇರುತ್ತದೆ, ಗೊತ್ತು. ಕೊನೆಯ ಪುಟದಿಂದ ಶುರು ಮಾಡಿ, ಏನು ಆರ್ಡರ್ ಆಯಿತು ಅನ್ನೋದು ಅಲ್ಲೇ ಸಿಗುತ್ತದೆ. ಆಮೇಲೆ ಹಿಂದಕ್ಕೆ ಹೋಗಿ ಕಾರಣ ಹುಡುಕಿ, ಜಗಳ ಆಡಬೇಕಾದ್ದು ಆ ಕಾರಣದ ಜೊತೆಗೆ.

ಆಡಬಹುದು, ಧೈರ್ಯವಾಗಿ. ತೀರ್ಮಾನವಾದ ಕೇಸಿನ ತೀರ್ಪನ್ನು ನ್ಯಾಯವಾಗಿ ಟೀಕಿಸಿದರೆ ಅದು ನಿಂದನೆ ಅಲ್ಲ ಅಂತ 1971ರ ನ್ಯಾಯಾಂಗ ನಿಂದನೆ ಕಾಯ್ದೆಯ 5ನೇ ಸೆಕ್ಷನ್ನೇ ಹೇಳುತ್ತದೆ. 2011ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿಯ ಗಣಿಗಾರಿಕೆ ನಿಲ್ಲಿಸಿತಲ್ವಾ, 'ಲಾರಿ ಕಂತು ಕಟ್ಟೋರು, ಡ್ರೈವರ್, ಕ್ಲೀನರ್ ಗತಿ ಏನು, ಅದನ್ನೂ ನೋಡಬೇಕಿತ್ತು' ಅಂದರೆ ಟೀಕೆ. ಪುರಾವೆ ಇಲ್ಲದೆ 'ಯಾರೋ ಹೇಳಿ ಬರೆಸಿದರು' ಅಂದರೆ ನಿಂದನೆಯ ಕೇಸು ಬೀಳಬಹುದು. ಶಿಕ್ಷೆ 6 ತಿಂಗಳ ತನಕ ಸಾದಾ ಜೈಲು, 2,000 ರೂಪಾಯಿ ತನಕ ದಂಡ, ಇಲ್ಲಾ ಎರಡೂ. 2020ರಲ್ಲಿ ಎರಡು ಟ್ವೀಟ್‌ಗಾಗಿ ವಕೀಲ ಪ್ರಶಾಂತ್ ಭೂಷಣ್ ಅವರಿಗೆ ಸುಪ್ರೀಂ ಕೋರ್ಟ್ 1 ರೂಪಾಯಿ ದಂಡ ಹಾಕಿತು. ಅಷ್ಟಕ್ಕೆಲ್ಲ ಅಷ್ಟು ದೊಡ್ಡ ಕೋರ್ಟ್ ಸಿಟ್ಟಾಗಬೇಕಿತ್ತಾ ಅಂತ ನನಗನ್ನಿಸುತ್ತದೆ. ನೋಡಿ, ಇದೂ ಟೀಕೆಯೇ.

ಕೆಳ ಕೋರ್ಟಿನ ಜಡ್ಜ್ ಮೇಲೆ ನಿಜವಾಗಿ ದೂರಿದ್ದರೆ ಗ್ರೂಪಿಗೆ ಹಾಕಬೇಡಿ, ಹೈಕೋರ್ಟಿಗೆ ಬರೆಯಿರಿ. ಒಳ್ಳೆ ಮನಸ್ಸಿನಿಂದ ಕೊಟ್ಟ ದೂರಿಗೆ ಅದೇ ನಿಂದನೆ ಕಾಯ್ದೆಯ 6ನೇ ಸೆಕ್ಷನ್ ರಕ್ಷಣೆ ಇದೆ.

ಲೀಡರ್‌ಗಳ ಮಾತನ್ನಂತೂ ಸುಮ್ನೆ ಫಾರ್ವರ್ಡ್ ಮಾಡಲೇಬೇಡಿ. ಹೈಕೋರ್ಟ್, ಸುಪ್ರೀಂ ಕೋರ್ಟ್ ಜಡ್ಜ್‌ಗಳು ಕೆಲಸದಲ್ಲಿ ನಡೆದುಕೊಂಡ ರೀತಿಯನ್ನು ವಿಧಾನಸಭೆಯಲ್ಲಿ ಚರ್ಚಿಸುವಂತಿಲ್ಲ ಅಂತ ಸಂವಿಧಾನದ 211ನೇ ವಿಧಿ ತಡೆದಿದೆ. ಆದರೆ ಸಭೆಯ ಹೊರಗೆ ಮೈಕ್ ಸಿಕ್ಕ ಕಡೆಯೆಲ್ಲ ಲೀಡರ್‌ಗಳ ಬಾಯಿಂದ ಅದೇ ಮಾತು ಬರುತ್ತದೆ. ಜಡ್ಜ್ ಟಿವಿಗೆ ಬಂದು ಉತ್ತರ ಕೊಡೋಕಾಗಲ್ಲ, ನಾಳೆ ಬೆಳಗ್ಗೆ ಅದೇ ಕುರ್ಚಿಯಲ್ಲಿ ಕೂತು ಅದೇ ಪಾರ್ಟಿಯವರ ಇನ್ನೊಂದು ಕೇಸು ಕೇಳಬೇಕು.

ಮೆಸೇಜ್ ಕಳಿಸೋ ಮುಂಚೆ ಪಾರ್ಟಿ ಹೆಸರು ಅದಲು ಬದಲು ಮಾಡಿ ಒಮ್ಮೆ ಓದಿ. ಆಗಲೂ ಅದೇ ಮಾತು ಹೇಳುತ್ತೀರಾದರೆ ಕಳಿಸಿ.