ಬುಲೆಟ್ ಎಂಜಿನ್‌ಗೆ ಮನೆಯಲ್ಲೇ ಕಟ್ಟಿದ ಚಾಪರ್: ನನ್ನ ಅನುಭವ

ಎರಕದ ಕಬ್ಬಿಣದ ಸಿಲಿಂಡರ್ ಇರುವ ಹಳೆಯ 350 ಬುಲೆಟ್‌ನ ಎಂಜಿನ್, ಅದರದೇ ಆಲ್ಬಿಯನ್ ಗೇರ್‌ಬಾಕ್ಸ್, ಹಿಂದಿನ ಹಬ್. ಈ ಮೂರನ್ನು ಇಟ್ಟುಕೊಂಡು ಸುತ್ತ ಚಾಪರ್‌ನ, ಅಂದರೆ ಮುಂದಿನ ಫೋರ್ಕ್ ಉದ್ದವಾಗಿ ಮುಂದಕ್ಕೆ ಚಾಚಿದ ಬೈಕಿನ, ಹೊಸ ಚಾಸಿ ಕಟ್ಟಿದೆ. ಹಿಂದೆ ಶಾಕ್ ಅಬ್ಸಾರ್ಬರ್ ಇಲ್ಲದ ಹಾರ್ಡ್‌ಟೇಲ್, 36 ಡಿಗ್ರಿ ವಾಲಿದ ನೆಕ್ (ಫೋರ್ಕ್ ಕೂತು ತಿರುಗುವ, ಚಾಸಿಯ ಮುಂತುದಿಯ ಕೊಳವೆ), 4 ಇಂಚು ಉದ್ದವಾದ ಮುಂದಿನ ಫೋರ್ಕ್. ಜಾಗ ಬೆಂಗಳೂರಿನ ಮನೆಯ 10 ಅಡಿಗೆ 18 ಅಡಿಯ ಕಾರ್ ಶೆಡ್. ಪೈಪ್ ಬಗ್ಗಿಸುವುದು, ಲೇತ್ ಕೆಲಸ, ಹಾರ್ಡ್ ಕ್ರೋಮ್ ಇವಿಷ್ಟನ್ನು ಪೀಣ್ಯದಲ್ಲಿ ಮಾಡಿಸಿದೆ. ಉಳಿದದ್ದು ಶೆಡ್ಡಿನಲ್ಲೇ ಆಯಿತು.

ಕಾನೂನಿನ ಮಾತು ಮೊದಲೇ ಹೇಳಬೇಕು. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ ಕಾರ್ಖಾನೆ ಕೊಟ್ಟ ಮೂಲ ವಿವರಕ್ಕೆ ಹೊಂದದ ಬದಲಾವಣೆ ನಿಷಿದ್ಧ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನೇ ಎತ್ತಿಹಿಡಿದಿದೆ. ಹಾಗಾಗಿ ಈ ಗಾಡಿ ಸಾರ್ವಜನಿಕ ರಸ್ತೆಗೆ ಇಳಿಯುವುದಿಲ್ಲ. ಪ್ರದರ್ಶನಕ್ಕೆ ಟೆಂಪೋದಲ್ಲಿ ಹೋಗುತ್ತದೆ, ಖಾಸಗಿ ಜಾಗದಲ್ಲಿ ಮಾತ್ರ ಓಡುತ್ತದೆ. ಇದೇ ಕಾರಣಕ್ಕೆ ನಂಬರ್ ಕೊರೆದಿರುವ ಮೂಲ ಚಾಸಿಗೆ ನಾನು ಬ್ಲೇಡು ತಾಗಿಸಲಿಲ್ಲ. ಎಣ್ಣೆ ಸವರಿ, ಗೋಣಿ ಸುತ್ತಿ ಅಟ್ಟದ ಮೇಲಿಟ್ಟಿದ್ದೇನೆ. ಎಂಜಿನ್ ಮರಳಿ ಕೂರಿಸಿದರೆ ಬುಲೆಟ್ ಮತ್ತೆ ಬುಲೆಟ್ಟೇ. ಹಿಂಭಾಗ ಕತ್ತರಿಸಿ ಹಾರ್ಡ್‌ಟೇಲ್ ಬೆಸೆಯುವುದು ಅರ್ಧ ಕೆಲಸದಲ್ಲಿ ಮುಗಿಯುತ್ತದೆ ನಿಜ, ಆದರೆ ಒಂದು ಹಳೆಯ ಗಾಡಿ ಶಾಶ್ವತವಾಗಿ ಹೋದಂತೆ.

ಈ ಎಂಜಿನ್‌ನ ಬಗ್ಗೆ ಒಂದು ವಿಷಯ ತಿಳಿಯದೆ ಕೈ ಹಾಕಬಾರದು. ಹಳೆಯ ಬುಲೆಟ್‌ನ ಚಾಸಿಗೆ ಕೆಳಗಡೆ ತೊಟ್ಟಿಲಿಲ್ಲ, ಅಂದರೆ ಎಂಜಿನ್‌ನ ಅಡಿಯಲ್ಲಿ ಹಾದು ಅದನ್ನು ಹೊರುವ ಪೈಪುಗಳಿಲ್ಲ. ಮುಂದಿನ ಇಳಿಪೈಪು ಎಂಜಿನ್‌ನ ಎದುರಿಗೆ ಬಂದು ನಿಲ್ಲುತ್ತದೆ, ಅಲ್ಲಿಂದ ಹಿಂದಕ್ಕೆ ಎಂಜಿನ್ ಕೇಸೇ ಭಾರ ಹೊರುತ್ತದೆ. ಹಾರ್ಡ್‌ಟೇಲ್ ಮಾಡಿದಾಗ ಹಿಂದಿನ ಚಕ್ರದ ಪೆಟ್ಟು ನೇರ ಚಾಸಿಗೆ ಬರುವುದರಿಂದ ಅದೇ ವಿನ್ಯಾಸ ಉಳಿಸಿಕೊಂಡರೆ ಅಲ್ಯೂಮಿನಿಯಂ ಕೇಸಿನ ಬೋಲ್ಟ್ ಕಿವಿಗಳು ಬಿರುಕು ಬಿಡುತ್ತವೆ. ನಾನು ಎಂಜಿನ್ ಕೆಳಗೆ ಎರಡು ಪೈಪು ಹಾಯಿಸಿ ಪೂರ್ತಿ ತೊಟ್ಟಿಲು ಮಾಡಿದೆ. ಆಯಿಲ್ ಇಳಿಸುವ ಬೋಲ್ಟುಗಳಿಗೆ ಸ್ಪ್ಯಾನರ್ ಹೋಗುವಷ್ಟು, ಬಲಬದಿಯ ಫಿಲ್ಟರ್ ಮುಚ್ಚಳ ಬಿಚ್ಚುವಷ್ಟು ಸಂದು ಬಿಡಬೇಕು. ಇದು ಮರೆತರೆ ಪ್ರತಿ ಸಲ ಆಯಿಲ್ ಬದಲಿಸಲು ಎಂಜಿನ್ನೇ ಇಳಿಸಬೇಕಾಗುತ್ತದೆ.

ಇನ್ನು ಲೆಕ್ಕಾಚಾರ. ಚಾಪರ್ ಕೆಡುವುದು ಹೆಚ್ಚಾಗಿ ಇಲ್ಲಿಯೇ. ಎರಡು ಅಳತೆ ಮುಖ್ಯ. ನೆಕ್ ನೇರ ಲಂಬದಿಂದ ಎಷ್ಟು ಡಿಗ್ರಿ ಹಿಂದಕ್ಕೆ ವಾಲಿದೆ ಎಂಬುದು ರೇಕ್. ನೆಕ್‌ನ ನಡುಗೆರೆಯನ್ನು ನೆಲದವರೆಗೆ ಎಳೆದರೆ ಅದು ಮುಟ್ಟುವ ಜಾಗಕ್ಕೂ, ಆಕ್ಸಲ್‌ನಿಂದ ತೂಗುಗುಂಡು ಬಿಟ್ಟರೆ ಮುಟ್ಟುವ ಜಾಗಕ್ಕೂ ನಡುವಿನ ದೂರ ಟ್ರೈಲ್. ಗಾಡಿ ತಾನಾಗಿ ನೇರ ಓಡುವುದು ಟ್ರೈಲ್‌ನಿಂದ. ಕಡಿಮೆಯಾದರೆ ವೇಗದಲ್ಲಿ ಹ್ಯಾಂಡಲ್ ನಡುಗುತ್ತದೆ. ವಿಪರೀತವಾದರೆ ನಿಧಾನಕ್ಕೆ ತಿರುಗಿಸುವಾಗ ಮುಂದಿನ ಚಕ್ರ ಒಂದು ಪಕ್ಕಕ್ಕೆ ಧಪ್ಪೆಂದು ಬೀಳುತ್ತದೆ.

ಲೆಕ್ಕ ಹೀಗೆ: ಚಕ್ರದ ತ್ರಿಜ್ಯವನ್ನು ರೇಕ್ ಕೋನದ ಸೈನ್‌ನಿಂದ ಗುಣಿಸಿ, ಅದರಿಂದ ಆಫ್‌ಸೆಟ್ ಕಳೆದು, ಬಂದದ್ದನ್ನು ಅದೇ ಕೋನದ ಕಾಸ್‌ನಿಂದ ಭಾಗಿಸಬೇಕು. ಆಫ್‌ಸೆಟ್ ಎಂದರೆ ನೆಕ್ ನಡುಗೆರೆಯಿಂದ ಆಕ್ಸಲ್ ಎಷ್ಟು ಮುಂದಿದೆ ಎಂಬುದು. ನನ್ನ ಗಾಡಿಯಲ್ಲಿ ಅಳೆದಾಗ ಟೈರ್ ಸೇರಿ ಚಕ್ರದ ತ್ರಿಜ್ಯ 325 ಮಿ.ಮೀ., ಆಫ್‌ಸೆಟ್ 65, ರೇಕ್ 27 ಡಿಗ್ರಿ. ಟ್ರೈಲ್ ಸುಮಾರು 93 ಮಿ.ಮೀ. ಬಂತು. ಬೇರೇನೂ ಮುಟ್ಟದೆ ರೇಕ್ ಮಾತ್ರ 36 ಮಾಡಿದರೆ ಅದು 156ಕ್ಕೆ ಏರುತ್ತದೆ. ಹಗುರ ಗಾಡಿಗೆ ಇದು ತೀರಾ ಭಾರ. ಹೊಸ ಯೋಕ್‌ಗಳಲ್ಲಿ (ಫೋರ್ಕಿನ ಎರಡು ಪೈಪುಗಳನ್ನು ನೆಕ್‌ಗೆ ಹಿಡಿಯುವ ಮೇಲಿನ, ಕೆಳಗಿನ ಪ್ಲೇಟು) ಆಫ್‌ಸೆಟ್ 90 ಇಟ್ಟೆ, ಟ್ರೈಲ್ 125ಕ್ಕೆ ಇಳಿಯಿತು. 100ರಿಂದ 150ರ ನಡುವೆ ಇದ್ದರೆ ಚಾಪರ್ ಮಾತು ಕೇಳುತ್ತದೆ.

ಕೆಲವರು ನೆಕ್ ಮುಟ್ಟದೆ, ಫೋರ್ಕನ್ನೇ ಓರೆಯಾಗಿ ಹಿಡಿಯುವ ಯೋಕ್ ಹಾಕಿ ಉದ್ದ ತೋರಿಸುತ್ತಾರೆ. ದಯವಿಟ್ಟು ಲೆಕ್ಕ ಮಾಡದೆ ಅದನ್ನು ಮಾಡಬೇಡಿ. ಇದೇ ಗಾಡಿಗೆ 65ರ ಆಫ್‌ಸೆಟ್ಟಿನ ಮೇಲೆ 10 ಡಿಗ್ರಿ ಓರೆಯ ಯೋಕ್ ಸೇರಿಸಿದರೆ ಟ್ರೈಲ್ ಇಲ್ಲವೆನ್ನುವಷ್ಟು ಕುಸಿಯುತ್ತದೆ. ಬ್ರೇಕ್ ಹಿಡಿದು ಮುಂಭಾಗ ಕುಗ್ಗಿದಾಗ ಅದೂ ಉಳಿಯುವುದಿಲ್ಲ. ನೋಡಲು ಎರಡೂ ಒಂದೇ ರೀತಿ, ಓಡಿಸಿದಾಗ ಪ್ರಾಣಕ್ಕೆ ಬರುವಷ್ಟು ವ್ಯತ್ಯಾಸ.

ಫೋರ್ಕ್ ಉದ್ದವೂ ಇದೇ ಲೆಕ್ಕದಿಂದ ಹುಟ್ಟಬೇಕು. ನೆಕ್ ವಾಲಿಸಿದರೆ ಗಾಡಿಯ ಮೂತಿ ಕೆಳಗಿಳಿಯುತ್ತದೆ. ಮೂಲ ಎತ್ತರ ಉಳಿಸಿಕೊಳ್ಳಲು ನನಗೆ 86 ಮಿ.ಮೀ. ಹೆಚ್ಚು ಬೇಕಾಯಿತು. 4 ಇಂಚು, ಅಂದರೆ ಸುಮಾರು 100 ಮಿ.ಮೀ. ಉದ್ದ ಮಾಡಿದ್ದರಿಂದ ನೆಕ್ ಸುಮಾರು 12 ಮಿ.ಮೀ. ಮಾತ್ರ ಮೇಲೆದ್ದಿತು. ಮೊದಲು ಫೋರ್ಕ್ ಕೊಂಡು ಆಮೇಲೆ ಚಾಸಿ ಹೊಂದಿಸಲು ಹೋದರೆ ಮೂತಿ ಆಕಾಶ ನೋಡುವ ಗಾಡಿ ತಯಾರಾಗುತ್ತದೆ, ಕೆಳಗಿನ ಪೈಪುಗಳು ಇಳಿಜಾರಾಗುತ್ತವೆ, ರೇಕ್ ಕೂಡ ಬರೆದುಕೊಂಡಷ್ಟು ಉಳಿಯುವುದಿಲ್ಲ.

ಪೈಪ್ ವಿಷಯದಲ್ಲಿ ಜಿಪುಣತನ ಬೇಡ. ಸೀಮ್‌ಲೆಸ್, ಅಂದರೆ ಉದ್ದಕ್ಕೆ ಹೊಲಿಗೆಯಿಲ್ಲದ ಪೈಪೇ ಆಗಬೇಕು: ತೊಟ್ಟಿಲು ಮತ್ತು ಹಿಂಭಾಗಕ್ಕೆ ಒಂದೂಕಾಲು ಇಂಚು, ಬೆನ್ನಿಗೆ (ಟ್ಯಾಂಕಿನ ಕೆಳಗಿನ ಮುಖ್ಯ ಪೈಪಿಗೆ) ಒಂದೂವರೆ ಇಂಚು, ಗೋಡೆ ದಪ್ಪ 3 ಮಿ.ಮೀ. ಒಂದೂಕಾಲು ಇಂಚಿನದು 6 ಮೀಟರ್‌ನ ಎರಡು ಉದ್ದ ತಂದರೆ ಹಾಳಾಗುವುದನ್ನೂ ಸೇರಿಸಿ ಸಾಲುತ್ತದೆ, ಮೀಟರಿಗೆ 2.1 ಕಿಲೋ ತೂಗುತ್ತದೆ. ಗೇಟು, ಗ್ರಿಲ್‌ಗೆ ಬಳಸುವ ಹೊಲಿಗೆಯ ಪೈಪು ಬಗ್ಗಿಸಿದ ಕಡೆ ಹೊಲಿಗೆಯ ಉದ್ದಕ್ಕೂ ಸೀಳಬಹುದು. ನೀರಿನ ಜಿಐ ಪೈಪ್ ಅಂತೂ ಕೂಡದು, ಅದರ ಸತುವಿನ ಹೊಗೆ ವೆಲ್ಡಿಂಗ್ ಮಾಡುವವನಿಗೆ ಚಳಿಜ್ವರ ತರಿಸುತ್ತದೆ. ಬಗ್ಗಿಸಲು ಕೊಡುವಾಗ ಕಾಗದದ ನಕ್ಷೆಯ ಬದಲು 6 ಮಿ.ಮೀ. ಕಬ್ಬಿಣದ ಸರಳನ್ನು ಬೇಕಾದ ಆಕಾರಕ್ಕೆ ಬಗ್ಗಿಸಿ ಕೊಟ್ಟೆ. ಮಾತು ಕಡಿಮೆ, ತಪ್ಪು ಇನ್ನೂ ಕಡಿಮೆ. ಪ್ಲಂಬರ್‌ನ ಬೆಂಡರಿನಲ್ಲಿ ಪೈಪು ಚಪ್ಪಟೆಯಾಗುತ್ತದೆ, ಬೇಡ.

ಬೆಸೆಯುವಾಗ ಚಾಸಿಯ ಭಾಗಗಳನ್ನು ಅಲುಗದಂತೆ ಹಿಡಿಯುವ ಚೌಕಟ್ಟಾದ ಜಿಗ್‌ಗೆ ಎರಡು ವಾರ ಹಿಡಿಯಿತು, ಒಂದು ದಿನವೂ ವ್ಯರ್ಥವಾಗಲಿಲ್ಲ. 100 ಮಿ.ಮೀ.ನ ಎರಡು ಸಿ ಚಾನೆಲ್, 2.4 ಮೀಟರ್ ಉದ್ದ, ಅಡ್ಡಕ್ಕೆ ನಾಲ್ಕು ತುಂಡು. ಶೆಡ್ಡಿನ ನೆಲ ಗೇಟಿನ ಕಡೆಗೆ ಇಳಿಜಾರು ಇರುವುದು ಸಾಮಾನ್ಯ, ಆದ್ದರಿಂದ ಕಾಲುಗಳಿಗೆ ಬೋಲ್ಟ್ ಹಾಕಿ ರಸಮಟ್ಟ ಇಟ್ಟು ಎರಡೂ ದಿಕ್ಕಿಗೆ ಸಮ ಮಾಡಿದೆ. ಉದ್ದದ ಮಟ್ಟಕ್ಕೆ ಗಾರೆಯವರ ನೀರಿನ ಪೈಪು ರಸಮಟ್ಟಕ್ಕಿಂತ ನಂಬಿಕಸ್ಥ. ನಡುಗೆರೆಗೆ ತೆಳು ತಂತಿ ಬಿಗಿದೆ. ಮುಂದೆ ನೆಕ್ ಹಿಡಿಯಲು ಲೇತ್‌ನಲ್ಲಿ ಕಡೆಸಿದ ಎರಡು ಕೋನು, ಅವುಗಳ ನಡುವೆ ಉದ್ದ ಬೋಲ್ಟ್. ಹಿಂದೆ ಆಕ್ಸಲ್‌ನ ಗಾತ್ರದ ಸರಳು, ಅದರ ಮೇಲೆ ಹಬ್‌ನಷ್ಟೇ ಅಗಲದ ಗಟ್ಟಿ ಸ್ಪೇಸರ್. ನೆಕ್ ತಂತಿಯ ನೇರಕ್ಕೆ, ಆಕ್ಸಲ್ ತಂತಿಗೆ ಮೂಲೆಮಟ್ಟ: ಇವೆರಡು ಖಚಿತವಾದರೆ ನಡುವಿನ ಪೈಪು ಒಂದಿಷ್ಟು ಹೆಚ್ಚುಕಮ್ಮಿಯಾದರೂ ಗಾಡಿ ನೇರ ಓಡುತ್ತದೆ.

ಎಂಜಿನ್ ಜಾಗ ಗುರುತಿಸಲು ಒಳಗೇನೂ ಇಲ್ಲದ ಹಳೆಯ ಖಾಲಿ ಕೇಸೊಂದನ್ನು ಶಿವಾಜಿನಗರದ ಗುಜರಿಯಿಂದ ತಂದೆ. ಒಂದೇ ಕೈಯಲ್ಲಿ ಎತ್ತಿ ಇಡಬಹುದು, ವೆಲ್ಡಿಂಗ್ ಕಿಡಿ ಬಿದ್ದರೂ ಚಿಂತೆಯಿಲ್ಲ. ಗೇರ್‌ಬಾಕ್ಸ್ ಹಲ್ಲುಚಕ್ರಕ್ಕೂ ಹಿಂದಿನದಕ್ಕೂ ನೇರಪಟ್ಟಿ ಇಟ್ಟು 1 ಮಿ.ಮೀ. ಒಳಗೆ ಹೊಂದಿಸಿದ ಮೇಲಷ್ಟೇ ಎಂಜಿನ್ ಪ್ಲೇಟ್ ಕತ್ತರಿಸಬೇಕು. ಬುಲೆಟ್‌ನಲ್ಲಿ ಹಿಂದಿನ ಸ್ಪ್ರಾಕೆಟ್ ಬ್ರೇಕ್ ಡ್ರಮ್ಮಿನ ಜೊತೆಗೇ ಒಂದಾಗಿ ಬರುತ್ತದೆ, ಸರಿಸಲಾಗದು. ಆದ್ದರಿಂದ ದಪ್ಪ ಟೈರಿನ ಆಸೆ ಬಿಟ್ಟು 4.00-18ಕ್ಕೆ ನಿಂತೆ. ಇನ್ನೂ ಅಗಲ ಹಾಕಿದರೆ ಚೈನ್ ಟೈರಿಗೆ ಉಜ್ಜುತ್ತದೆ. ಸಿಲಿಂಡರ್ ಹೆಡ್ಡಿನಿಂದ ಚಾಸಿಗೆ ಹೋಗುವ ಆಧಾರಪಟ್ಟಿಯನ್ನು ಚೆಂದಕ್ಕಾಗಿ ಬಿಡುವವರಿದ್ದಾರೆ. ಒಂಟಿ ಸಿಲಿಂಡರಿನ ಈ ಎಂಜಿನ್‌ಗೆ ಅದಿಲ್ಲದಿದ್ದರೆ ಕೆಳಗಿನ ಬೋಲ್ಟುಗಳು ಸಡಿಲವಾಗುತ್ತಲೇ ಇರುತ್ತವೆ.

ಪೈಪು ಪೈಪಿಗೆ ಸೇರುವಲ್ಲಿ ಮೀನಿನ ಬಾಯಿಯಂತೆ ಕಚ್ಚು ತೆಗೆಯಬೇಕು. ಪೈಪಿನ ಅಳತೆಯ ಹೋಲ್ ಸಾದಿಂದ (ದುಂಡು ರಂಧ್ರ ಕೊರೆಯುವ ಗರಗಸ) ತೆಗೆದು ಅರದಿಂದ ಸರಿಮಾಡಿದೆ. ಸಂದು ಅರ್ಧ ಮಿ.ಮೀ. ದಾಟಿದರೆ ತುಂಡು ಎಸೆದು ಬೇರೆ ಕತ್ತರಿಸಿ. ಸಂದನ್ನು ವೆಲ್ಡಿಂಗ್‌ನಿಂದ ತುಂಬಿಸಿದರೆ ಅಷ್ಟೂ ಎಳೆತ ಚಾಸಿಯ ಮೇಲೆ ಬೀಳುತ್ತದೆ. ಉದ್ದಕ್ಕೆ ಜೋಡಿಸಬೇಕಾದ ಒಂದು ಕಡೆ ಒಳಗೆ 75 ಮಿ.ಮೀ.ನ ಗಟ್ಟಿ ತುಂಡು ತೂರಿಸಿ, ಹೊರ ಪೈಪಿಗೆ 10 ಮಿ.ಮೀ.ನ ರಂಧ್ರ ಕೊರೆದು ಅಲ್ಲೂ ಬೆಸೆದೆ.

ಬೆಸುಗೆಗೆ 200 ಆಂಪಿಯರ್‌ನ ಸಿಂಗಲ್ ಫೇಸ್ ಟಿಗ್ ಇನ್ವರ್ಟರ್, ಅಂದರೆ ಆರ್ಗಾನ್ ಅನಿಲದ ಹೊದಿಕೆಯಲ್ಲಿ ಟಂಗ್‌ಸ್ಟನ್ ಕಡ್ಡಿಯಿಂದ ಬೆಸೆಯುವ ಯಂತ್ರ. ಅರ್ಥಿಂಗ್ ಸರಿಯಿರುವ 16 ಆಂಪಿಯರ್ ಸಾಕೆಟ್ಟಿನಲ್ಲಿ ನಡೆಯಿತು. 3 ಮಿ.ಮೀ. ಗೋಡೆಗೆ 110ರಿಂದ 120 ಆಂಪಿಯರ್, 2.4 ಮಿ.ಮೀ. ಟಂಗ್‌ಸ್ಟನ್, ಬೆಸುಗೆಗೆ ಕರಗಿಸಿ ತುಂಬಲು ಇಆರ್70ಎಸ್-2 ತಂತಿ. ಫ್ಯಾನ್ ಆರಿಸಿ, ಬಾಗಿಲು ತೆರೆದಿಡಿ: ಫ್ಯಾನಿನ ಗಾಳಿ ಆರ್ಗಾನ್ ಹೊದಿಕೆಯನ್ನು ಹಾರಿಸಿ ಬೆಸುಗೆಯಲ್ಲಿ ಗುಳ್ಳೆ ಬರಿಸುತ್ತದೆ, ಮುಚ್ಚಿದ ಶೆಡ್ಡಿನಲ್ಲಿ ಆರ್ಗಾನ್ ಕೆಳಗೆ ತುಂಬಿ ಉಸಿರು ಕಟ್ಟಿಸುತ್ತದೆ. ಕ್ಲೋರಿನ್ ಇರುವ ಬ್ರೇಕ್ ಕ್ಲೀನರ್‌ನಿಂದ ಒರೆಸಿದ ಲೋಹಕ್ಕೆ ಆರ್ಕ್ ತಾಗಿಸಲೇಬೇಡಿ, ಹುಟ್ಟುವ ಫಾಸ್ಜೀನ್ ಕೊಲ್ಲುವ ಅನಿಲ. ಅಸಿಟೋನ್‌ನಲ್ಲಿ ಒರೆಸಿ, ಪೂರ್ತಿ ಆರಲು ಬಿಡಿ.

ಮೊದಲು ಎಲ್ಲ ಜೋಡಣೆಗೂ ನಾಲ್ಕು ನಾಲ್ಕು ಟ್ಯಾಕ್ (ತಾತ್ಕಾಲಿಕ ಚುಕ್ಕೆ ಬೆಸುಗೆ) ಮಾತ್ರ. ಆಮೇಲೆ ಚಕ್ರ, ಫೋರ್ಕ್, ನಿಜವಾದ ಎಂಜಿನ್, ಟ್ಯಾಂಕ್, ಸೀಟು ಎಲ್ಲ ಕೂರಿಸಿ ನೋಡಬೇಕು. ಕಿಕ್ ಹೊಡೆಯುವಾಗ ಕಾಲಿಗೆ ಸೈಲೆನ್ಸರ್ ಪೈಪು ಅಡ್ಡ ಬರುತ್ತದೆಯೇ, ಬಲಗಾಲಿನ ಗೇರ್‌ಗೆ ಮುಂದಕ್ಕೆ ಎಳೆದ ಕೊಂಡಿ ಎಂಜಿನ್ ಕವರಿಗೆ ತಾಗುತ್ತದೆಯೇ, ಕಾರ್ಬುರೇಟರ್ ಬಿಚ್ಚಲು ಜಾಗವಿದೆಯೇ ಎಂಬುದು ಆಗಲೇ ತಿಳಿಯುವುದು. ಟ್ಯಾಕ್ ಒಡೆದು ತಿದ್ದಲು ಹತ್ತು ನಿಮಿಷ, ಪೂರ್ತಿ ಬೆಸೆದ ಮೇಲೆ ತಿದ್ದಲು ಎರಡು ದಿನ.

ಕೊನೆಯ ಬೆಸುಗೆಯಲ್ಲಿ ಒಂದು ಸಲಕ್ಕೆ 25 ಮಿ.ಮೀ. ದಾಟಬಾರದು. ಒಂದು ಪಕ್ಕ ಒಂದು ತುಂಡು, ಎದುರು ಪಕ್ಕ ಇನ್ನೊಂದು, ನಡುವೆ ತಣಿಯಲು ಬಿಡುವು. ಲೋಹ ತಣಿಯುವಾಗ ಬೆಸುಗೆಯ ಕಡೆಗೆ ಎಳೆಯುತ್ತದೆ. ಆಕ್ಸಲ್ ಪ್ಲೇಟುಗಳ ನಡುವೆ ಗಟ್ಟಿ ಸ್ಪೇಸರ್ ಬಿಗಿದಿದ್ದರೂ ಜಿಗ್‌ನಿಂದ ಬಿಚ್ಚಿದಾಗ ನನ್ನದು ಸುಮಾರು 1 ಮಿ.ಮೀ. ಒಳಕ್ಕೆ ಬಂದಿತ್ತು. ಸ್ಪೇಸರ್ ಇಲ್ಲದಿದ್ದರೆ ಚಕ್ರವೇ ಕೂರುತ್ತಿರಲಿಲ್ಲ. ರಾತ್ರಿಯಿಡೀ ಜಿಗ್‌ನಲ್ಲೇ ತಣಿಯಲು ಬಿಡಿ. ಬೆಸುಗೆ ಚೆಂದ ಕಾಣಲೆಂದು ಗ್ರೈಂಡ್ ಮಾಡಿದರೆ ಬಲ ಹೋಗುತ್ತದೆ. ನೆಕ್ ಬಳಿ ಮೂರು ಪೈಪು ಸೇರುವಲ್ಲಿ 4 ಮಿ.ಮೀ. ಪ್ಲೇಟಿನ ಗಸೆಟ್ (ಮೂಲೆಗೆ ಬಲ ಕೊಡುವ ತುಂಡು) ಕೂಡ ಹಾಕಿದೆ. ನೆಕ್ ವಾಲಿದಷ್ಟೂ ಬ್ರೇಕಿನ ಹೊಡೆತ ಅಲ್ಲಿ ಜಾಸ್ತಿ.

ಬುಲೆಟ್‌ನ ಫೋರ್ಕಿನಲ್ಲೊಂದು ವಿಶೇಷವಿದೆ. ಹೆಡ್‌ಲೈಟ್ ಕೂತಿರುವ ಕ್ಯಾಸ್ಕೆಟ್ಟೇ ಮೇಲಿನ ಯೋಕ್, ಫೋರ್ಕ್ ಪೈಪುಗಳು ಅದರೊಳಗೆ ಥ್ರೆಡ್‌ನಿಂದ (ತಿರುಪಿನ ಗೆರೆ) ಕೂರುತ್ತವೆ. ಅದನ್ನು ತೆಗೆದ ಮೇಲೆ ಹೊಸ ಮೇಲಿನ ಯೋಕ್ ಬೇಕು. ಎರಡೂ ಯೋಕ್‌ಗಳನ್ನು 25 ಮಿ.ಮೀ. ಸ್ಟೀಲ್ ಪ್ಲೇಟಿನಲ್ಲಿ ಒಂದರ ಮೇಲೊಂದು ಬಿಗಿದು ಒಟ್ಟಿಗೇ ಕೊರೆಸಿದೆ, ಇಲ್ಲವಾದರೆ ಪೈಪುಗಳು ಒಂದಕ್ಕೊಂದು ಸಮಾನಾಂತರ ಬರುವುದಿಲ್ಲ. ಹಳೆಯ ಪೈಪಿನ ತುದಿಗೆ ತುಂಡು ತಿರುಗಿಸಿ ಉದ್ದ ಮಾಡುವ ಪದ್ಧತಿ ನನಗೆ ಒಪ್ಪಿಗೆಯಿಲ್ಲ. ಥ್ರೆಡ್ ಇರುವ ಜಾಗದಲ್ಲೇ ಪೈಪು ಮುರಿಯುವುದು. ಪೂರ್ತಿ ಉದ್ದದ ಹೊಸ ಪೈಪು ಕಡೆಸಿ ಹಾರ್ಡ್ ಕ್ರೋಮ್ ಮಾಡಿಸಿ ಗ್ರೈಂಡ್ ಮಾಡಿಸಿದೆ. ಸ್ಪ್ರಿಂಗ್ ಹಳೆಯದೇ, ಮೇಲೆ 100 ಮಿ.ಮೀ. ಅಲ್ಯೂಮಿನಿಯಂ ಸ್ಪೇಸರ್. ಪೈಪು ಉದ್ದವಾಯಿತೆಂದು ಆಯಿಲ್ ಹೆಚ್ಚಿಸಬೇಡಿ, ಡ್ಯಾಂಪರ್ ಕೆಳಗೇ ಇರುವುದು. ಹ್ಯಾಂಡಲ್ ತಿರುಗಿ ಟ್ಯಾಂಕಿಗೆ ಬಡಿಯದಂತೆ ಸ್ಟಾಪರ್ ಬೆಸೆಯುವುದು ಮರೆಯಬೇಡಿ. ಕ್ಲಚ್, ಆಕ್ಸಿಲರೇಟರ್ ಕೇಬಲ್‌ಗಳನ್ನು ಹ್ಯಾಂಡಲ್ ಪೂರ್ತಿ ಎರಡೂ ಕಡೆ ತಿರುಗಿಸಿ ಅಳೆದ ಮೇಲೆ ಜೆ.ಸಿ. ರಸ್ತೆಯಲ್ಲಿ ಮಾಡಿಸಿದೆ.

ವೈರಿಂಗ್ ಸರಳ: 12 ವೋಲ್ಟ್, ಒಂದು 15 ಆಂಪಿಯರ್ ಫ್ಯೂಸ್, ಮುಖ್ಯ ತಂತಿ 1.5 ಚದರ ಮಿ.ಮೀ., ಪೈಪಿನೊಳಗೆ ಹೋಗುವ ರಂಧ್ರಗಳಿಗೆಲ್ಲ ರಬ್ಬರ್ ಗ್ರಾಮೆಟ್. ಟ್ಯಾಂಕ್ ಚಿಕ್ಕದು, ಮೂತಿ ಮೇಲಕ್ಕಿರುವುದರಿಂದ ಪೆಟ್ರೋಲ್ ಹಿಂದಿನ ಮೂಲೆಗೆ ಸೇರುತ್ತದೆ. ಕಾಕ್ ಅಲ್ಲಿಯೇ ಇರಬೇಕು, ಕಾರ್ಬುರೇಟರಿಗಿಂತ ಮೇಲಿರಬೇಕು. ಹಳೆಯ ಟ್ಯಾಂಕಿಗೆ ವೆಲ್ಡಿಂಗ್ ಮನೆಯಲ್ಲಿ ಬೇಡವೇ ಬೇಡ. ಖಾಲಿ ಟ್ಯಾಂಕಿನ ಆವಿ ಸ್ಫೋಟಿಸುತ್ತದೆ. ಟ್ಯಾಂಕ್, ಮಡ್‌ಗಾರ್ಡ್, ನಂಬರ್ ಪ್ಲೇಟ್ ಎಲ್ಲವೂ ರಬ್ಬರ್ ಮೇಲೆ ಕೂರಲಿ, ನಟ್ ಎಲ್ಲ ನೈಲಾಕ್ (ನೈಲಾನ್ ಬಳೆಯಿಂದಾಗಿ ಸಡಿಲವಾಗದ ನಟ್). ಚಿಕ್ಕ ಸೈಲೆನ್ಸರಿನಿಂದ ಮಿಶ್ರಣ ತೆಳುವಾಗುತ್ತದೆ. ಕಾರ್ಬುರೇಟರಿನಲ್ಲಿ ಪೆಟ್ರೋಲ್ ಹಾಯುವ ಮೇನ್ ಜೆಟ್ ಒಂದೊಂದೇ ಅಳತೆ ಏರಿಸಿ, ಪ್ಲಗ್ ಬಿಳಿಯಿಂದ ಕಾಫಿ ಬಣ್ಣಕ್ಕೆ ಬರುವವರೆಗೆ ನೋಡಿ.

ಬಣ್ಣಕ್ಕೆ ಮೊದಲೇ ಓಡಿಸಬೇಕು. ಬರಿಯ ಲೋಹದಲ್ಲಿ ಖಾಲಿ ಮೈದಾನದಲ್ಲಿ 50 ಕಿ.ಮೀ.: ಮೊದಲು ತಳ್ಳಿ, ಆಮೇಲೆ ಒಂದನೇ ಗೇರಿನಲ್ಲಿ, ನಂತರ ಗಂಟೆಗೆ 40 ಕಿ.ಮೀ. ವೇಗದಲ್ಲಿ ಹ್ಯಾಂಡಲ್ ಹಿಡಿತ ಹಗುರ ಮಾಡಿ ಗಾಡಿ ಯಾವ ಕಡೆಗೆ ಎಳೆಯುತ್ತದೆ ನೋಡಬೇಕು. ಹಾರ್ಡ್‌ಟೇಲ್‌ನಲ್ಲಿ ಚೈನ್ ಸಡಿಲ ಬದಲಾಗುವುದಿಲ್ಲ, 20 ಮಿ.ಮೀ. ಸಾಕು. ಮನೆಗೆ ತಂದು ಬೆಸುಗೆಗಳಿಗೆಲ್ಲ ಡೈ ಪೆನಿಟ್ರಂಟ್ ಹಾಕಿದೆ. ಮೂರು ಸ್ಪ್ರೇ ಡಬ್ಬಿಯ ಕಿಟ್ ಅದು: ಒರೆಸುವುದು, ಕೆಂಪು ಬಣ್ಣ, ಬಿಳಿ ಪುಡಿ. ಬಿರುಕಿದ್ದರೆ ಬಿಳಿಯ ಮೇಲೆ ಕೆಂಪು ಗೆರೆ ಮೂಡುತ್ತದೆ. ನೆಕ್, ಆಕ್ಸಲ್ ಪ್ಲೇಟ್ ಶುದ್ಧವಾಗಿದ್ದವು. ಸೀಟಿನ ಸ್ಪ್ರಿಂಗ್ ಕೂರುವ ಎಡಗಡೆಯ ಪಟ್ಟಿಯ ಬುಡದಲ್ಲಿ ಮಾತ್ರ ಕೂದಲಿನಂಥ ಕೆಂಪು ಗೆರೆ ಕಂಡಿತು. 3 ಮಿ.ಮೀ. ಪಟ್ಟಿಯನ್ನು ಮೂಲೆ ಚೂಪಾಗಿ ಬಿಟ್ಟು ಬೆಸೆದದ್ದೇ ಕಾರಣ. ಅದನ್ನು ಪೂರ್ತಿ ಕತ್ತರಿಸಿ, ಮೂಲೆ ದುಂಡಗೆ ಮಾಡಿದ 5 ಮಿ.ಮೀ. ಪಟ್ಟಿಯನ್ನು ಪೈಪಿನ ಸುತ್ತ ಹೊದಿಸುವ ತಳದ ಸಮೇತ ಬೆಸೆದು, ಬಲಗಡೆಯದನ್ನೂ ಹಾಗೆಯೇ ಬದಲಿಸಿ, ಇನ್ನೊಂದು 50 ಕಿ.ಮೀ. ಓಡಿಸಿ ಮತ್ತೆ ಡೈ ಹಾಕಿ ನೋಡಿದ ಮೇಲೆ ಚಾಸಿಯನ್ನು ಪೌಡರ್ ಕೋಟಿಂಗ್‌ಗೆ ಕೊಟ್ಟೆ.