ಮತದಾನದ ರಜೆ ಕೊಡುವ ಮುನ್ನ ಹಿಂದಿನ ರಾತ್ರಿಯ ಶಿಫ್ಟ್ ನೋಡಿ

ತುಮಕೂರಿನ ವಸಂತನರಸಾಪುರ, ಕೋಲಾರದ ನರಸಾಪುರ ಕಡೆ ಫ್ಯಾಕ್ಟರಿ ನಡೆಸುವವರೇ, ಮತದಾನದ ದಿನದ ಜೊತೆ ಹಿಂದಿನ ದಿನದ ಸೆಕೆಂಡ್, ನೈಟ್ ಶಿಫ್ಟಿಗೂ ರಜೆ ಕೊಡಿ. ಬೆಳಿಗ್ಗೆ 6ಕ್ಕೆ ಕೆಲಸ ಮುಗಿಸಿ ಮತ ಹಾಕಲು ತಮ್ಮೂರು ರಾಯಚೂರಿಗೆ ಬಸ್ ಹತ್ತಿದವರು ಸಂಜೆಯೊಳಗೆ ಮತಗಟ್ಟೆ ಮುಟ್ಟುವುದು ಕಷ್ಟ. ಬಹಳಷ್ಟು ಜನ ರೂಮಲ್ಲೇ ಮಲಗಿಬಿಡುತ್ತಾರೆ. ರಜೆಯೂ ಅವರವರ ಕ್ಷೇತ್ರದ ದಿನಕ್ಕೇ ಇರಲಿ: 2024ರ ಲೋಕಸಭೆಗೆ ತುಮಕೂರು ಏಪ್ರಿಲ್ 26ಕ್ಕೆ, ರಾಯಚೂರು ಮೇ 7ಕ್ಕೆ ಮತ ಹಾಕಿದ್ದವು. ಹಾಗಾಗಿ ಕಾರ್ಮಿಕರ ಊರುವಾರು ಪಟ್ಟಿ ಮೊದಲೇ ಮಾಡಿಕೊಳ್ಳಿ. 1951ರ ಜನಪ್ರತಿನಿಧಿ ಕಾಯ್ದೆಯ ಕಲಂ 135ಬಿ ಪ್ರಕಾರ ದಿನಗೂಲಿಯವರಿಗೂ ಆ ದಿನದ ಸಂಬಳ ಕೊಡಬೇಕು (ಕಾಂಟ್ರಾಕ್ಟರ್ ಕಡೆಯವರನ್ನು ಮರೆಯುವುದೇ ಹೆಚ್ಚು). ಮತದಾರರ ಪಟ್ಟಿಯಲ್ಲಿ ಹೆಸರೇ ಇಲ್ಲದಿದ್ದರೆ ಇದೆಲ್ಲ ವ್ಯರ್ಥ, ಕೈಯಲ್ಲಿ ವೋಟರ್ ಐಡಿ ಇದ್ದರೂ ಅಷ್ಟೇ. ಇಲ್ಲೇ ನೆಲೆಸಿದವರಿಂದ ವಿಳಾಸ ಬದಲಾವಣೆಯ ನಮೂನೆ 8 ಅನ್ನು ಚುನಾವಣೆ ಘೋಷಣೆಗೂ ಮೊದಲೇ ಹಾಕಿಸಿ.